ಪೂರ್ಣ ವಾಕ್ಯದಲ್ಲಿ ಉತ್ತರಿಸಿ

ಎಲಿಯಟ್ಸ್ ಬೀಚು

ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆ ಭಾನುವಾರ ಬೆಳಿಗ್ಗೆ ನಮ್ಮ ಜರ್ಮನ್ ಮೇಡಂ ಕಡಲಿನಲ್ಲಿ ಈಜುತ್ತಲೇ "ಈಗ ಗಂಟೆ ಎಷ್ಟು?" ಎಂದು ಜರ್ಮನ್ ಭಾಷೆಯಲ್ಲಿ ಕೂಗಿ ಕೇಳಿದ್ದರು. ದಡದಲ್ಲಿ ಸಾಲಾಗಿ ನಿಂತಿದ್ದ ನಮ್ಮ ಮೂವರು ಶಿಷ್ಯರಲ್ಲಿ ಒಬ್ಬರು ಕೈಗಡಿಯಾರ ನೋಡಿ, ಅದೇ ಭಾಷೆಯಲ್ಲಿ, ಪೂರ್ಣ ವಾಕ್ಯದಲ್ಲಿ ಉತ್ತರ ಕೊಟ್ಟಿದ್ದರು. ಮೇಡಂ ಒಂದು ಕೈ ಮೇಲೆತ್ತಿ ಮೆಚ್ಚುಗೆಯಿಂದ ಆಡಿಸಿದರು.

ಸ್ವಲ್ಪ ಹೊತ್ತಿಗೆ ಆ ಕೈ ಮತ್ತೆ ಮೇಲೆದ್ದಿತು. ನಾನು ನಗುತ್ತ, ತಪ್ಪಿಲ್ಲದ ಜರ್ಮನ್‌ನಲ್ಲಿ, "ನೀವು ಬಹಳ ಚೆನ್ನಾಗಿ ಈಜುತ್ತೀರಿ, ಮೇಡಂ" ಎಂದೆ. ಆಗ ಅವರು ಮುಳುಗುತ್ತಿದ್ದರು.

ಊರಿನವರೆಲ್ಲ ನನ್ನಿಂದ ಜರ್ಮನಿಯ ಸುದ್ದಿಗಾಗಿ ಕಾಯುತ್ತಿದ್ದಾರೆ. ಹಿಮ ಹೇಗಿರುತ್ತದೆ, ಅಲ್ಲಿಯವರು ಅನ್ನ ಇಲ್ಲದೆ ಹೇಗೆ ಬದುಕುತ್ತಾರೆ, ಎಲ್ಲ ಬರೆಯಬೇಕಂತೆ. ಏನು ಮಾಡಲಿ, ನಾನು ಹೊರಟದ್ದು ಜರ್ಮನಿಗೇ ಆದರೂ ಈವರೆಗೆ ತಲುಪಿರುವುದು ಮದ್ರಾಸಿಗೆ. ಉಡುಪಿಯ ನನ್ನ ಅಜ್ಜಿಯ ಲೆಕ್ಕದಲ್ಲಿ ಘಟ್ಟ ದಾಟಿದರೆ ಎಲ್ಲವೂ ಪರದೇಶವೇ. ಆದ್ದರಿಂದ ಪರದೇಶದ ಈ ಮೊದಲ ನಿಲ್ದಾಣದ ಕಥೆಯನ್ನೇ ಹೇಳುತ್ತೇನೆ.

ಪುರಸವಾಕ್ಕಂ

ನಾನು ಮಂಗಳೂರಿನ ಒಂದು ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ರಕ್ತ, ಕಫಗಳ ಪರೀಕ್ಷೆ ಮಾಡುವವಳು. ಜರ್ಮನಿಯ ಆಸ್ಪತ್ರೆಯೊಂದರಲ್ಲಿ ಒಂದು ವರ್ಷದ ತರಬೇತಿಗೆ ನನ್ನನ್ನು ಆರಿಸಿದರು. ಒಂದೇ ಷರತ್ತು: ಹೊರಡುವ ಮುಂಚೆ ಮದ್ರಾಸಿನಲ್ಲಿ ಜರ್ಮನ್ ಭಾಷೆಯ ಬಾಯಿ ಪರೀಕ್ಷೆಯಲ್ಲಿ ಪಾಸಾಗಬೇಕು. ಮೂವತ್ತು ದಾಟಿದ ಮೇಲೆ ಹೊಸ ಭಾಷೆ ಕಲಿಯುವುದೆಂದರೆ ಒಣಗಿದ ಮಡಕೆಗೆ ಹೊಸ ಆಕಾರ ಕೊಡಲು ಹೊರಟ ಹಾಗೆ. ಆದರೂ ಪೆಟ್ಟಿಗೆ ಕಟ್ಟಿಕೊಂಡು ರೈಲು ಹತ್ತಿದೆ.

ಉಳಿದುಕೊಂಡದ್ದು ಪುರಸವಾಕ್ಕಂನ ಚಿಕ್ಕಮ್ಮನ ಮನೆಯಲ್ಲಿ. ಚಿಕ್ಕಪ್ಪ ರೈಲ್ವೆ ಆಫೀಸಿನಲ್ಲಿದ್ದಾರೆ. ಇಲ್ಲಿಗೆ ಬಂದು ಒಂದು ತಲೆಮಾರೇ ಕಳೆದಿದೆ. ಚಿಕ್ಕಮ್ಮನ ಮಾತು ಉಡುಪಿಯದೇ, ಆದರೆ ಅದರೊಳಗೆ ತಮಿಳು ಹುಣಿಸೆ ಹುಳಿಯಂತೆ ಕರಗಿದೆ. ಮಕ್ಕಳಿಗೆ ಕನ್ನಡದಲ್ಲಿ ಏನು ಕೇಳಿದರೂ ಉತ್ತರ ತಮಿಳಿನಲ್ಲಿ. ಬಂದ ದಿನ ನಾನು "ಊಟ ಆಯ್ತಾ?" ಎಂದರೆ ದೊಡ್ಡ ಹುಡುಗಿ "ಆಚ್ಚು ಅಕ್ಕಾ" ಎಂದಳು. ಆಯ್ತು ಎಂಬುದು ಆಚ್ಚು ಆಗಲು ಎಷ್ಟು ದೂರ ಬರಬೇಕಾಯಿತೆಂದು ನಾನು ರೈಲಿನ ಲೆಕ್ಕ ಹಾಕಿದೆ.

ಈ ಊರಿನಲ್ಲಿ ನನಗೆ ಅತ್ಯಂತ ವಿಚಿತ್ರವೆನಿಸಿದ್ದು ಕಡಲು. ನಮ್ಮ ಕಡಲಿಗೆ ಸೂರ್ಯ ಸಂಜೆ ದಣಿದು ಇಳಿಯುತ್ತಾನೆ. ಇವರ ಕಡಲಿನಿಂದ ಬೆಳಿಗ್ಗೆ ಹೊಸದಾಗಿ ಎದ್ದು ಬರುತ್ತಾನೆ. ಮೊದಲ ಸಲ ಬೀಚಿಗೆ ಹೋದಾಗ ಸಂಜೆ ಸೂರ್ಯ ನನ್ನ ಬೆನ್ನ ಹಿಂದೆ, ಟ್ರಾಮಿನ ಹಳಿ ಕಿತ್ತುಹಾಕಿದ ಬೀದಿಗಳ ಮೇಲೆ ಮುಳುಗಿದ. ಯಾರೋ ನನಗೆ ಹೇಳದೆ ಮನೆಯ ಬಾಗಿಲನ್ನು ಹಿತ್ತಿಲಿಗೆ ಬದಲಾಯಿಸಿದ ಹಾಗೆ ಆಯಿತು.

"ಏನು ಕಲಿಸಿದರು ಇವತ್ತು?" ಎಂದು ಚಿಕ್ಕಮ್ಮ ದಿನವೂ ಕೇಳುತ್ತಿದ್ದರು.

"ಅವರ ಭಾಷೆಯಲ್ಲಿ ಚಮಚ ಗಂಡು, ಮುಳ್ಳು ಚಮಚ ಹೆಣ್ಣು, ಚಾಕು ಎರಡೂ ಅಲ್ಲ."

"ಅಯ್ಯೋ ರಾಮ! ಅಡಿಗೆಮನೆಯೊಳಗೇ ಇಷ್ಟು ಸಂಸಾರವಾ? ಪಾತ್ರೆ ತೊಳೆಯುವವಳ ಗತಿ ಎಂತ ಮಗಾ?" ಎಂದು ಅವರು ಸಾರಿಗೆ ಒಗ್ಗರಣೆ ಹಾಕಿದರು. "ನಿನಗೆ ಗಂಡು ನೋಡು ಅಂದರೆ ನೀನು ಚಮಚದಲ್ಲಿ ನೋಡ್ತಾ ಇದ್ದೀ."

ಕೀಲ್ಪಾಕ್

ಮೇಡಂ ಅವರ ಮನೆ ಕೀಲ್ಪಾಕಿನ ಒಂದು ಹಳೆಯ ಬಂಗಲೆಯ ಮಹಡಿ. ಹೆಸರು ಫ್ರೌ ಲಿಂಡ್ನರ್, ಎಂದರೆ ಶ್ರೀಮತಿ ಲಿಂಡ್ನರ್. ಅರವತ್ತು ದಾಟಿದವರು; ಗಂಡ ಇಲ್ಲಿ ಎಂಜಿನಿಯರಾಗಿದ್ದು ಇಲ್ಲಿಯೇ ತೀರಿಕೊಂಡ ಮೇಲೆ ಊರಿಗೆ ಹಿಂದಿರುಗದೆ ಉಳಿದವರು. ಅಡಿಗೆಯವಳು ಅವರನ್ನು "ಫ್ರೌ ಅಮ್ಮಾ" ಎಂದು ಕರೆಯುತ್ತಿದ್ದಳು. ನಾವು ಮೇಡಂ ಎನ್ನುತ್ತಿದ್ದೆವು.

ತರಗತಿಯಲ್ಲಿ ನನ್ನ ಜೊತೆ ಇನ್ನಿಬ್ಬರು. ಕೋದಂಡರಾಮನ್ ಅಂಬತ್ತೂರಿನ ಹೊಸ ಕಾರ್ಖಾನೆಯೊಂದರ ಎಂಜಿನಿಯರು. ಯಂತ್ರದ ಜೊತೆ ಬಂದ ಪುಸ್ತಕ ಜರ್ಮನ್‌ನಲ್ಲಿತ್ತು, ಅದಕ್ಕೇ ಕಲಿಯುತ್ತಿದ್ದರು. ಇನ್ನೊಬ್ಬರು ಶೀನ ಭಟ್ಟರು. ಕುಂದಾಪುರದ ಕಡೆಯವರು, ಮೈಲಾಪುರದಲ್ಲಿ ಹೋಟೆಲು. ಯಾವುದೋ ವಸ್ತುಪ್ರದರ್ಶನದಲ್ಲಿ ದೋಸೆ ಹಾಕಲು ಜರ್ಮನಿಗೆ ಕರೆ ಬಂದಿತ್ತು. ಐವತ್ತರ ಹತ್ತಿರದ ಅವರು ನೆತ್ತಿಗೆ ಎಣ್ಣೆ ಹಚ್ಚಿ, ಬಿಳಿ ಪಂಚೆ ಉಟ್ಟು, ಬಾಲವಾಡಿಗೆ ಹೋಗುವ ಮಗುವಿನಂತೆ ಹೊತ್ತಿಗೆ ಮುಂಚೆಯೇ ಬಂದು ಕೂರುತ್ತಿದ್ದರು.

"ಕಷ್ಟ ಎಂತದೂ ಇಲ್ಲ ತಂಗಿ" ಎಂದು ನನಗೆ ಧೈರ್ಯ ಹೇಳುತ್ತಿದ್ದರು. "ಇಂಗ್ಲಿಷಿನವರು ಕ್ರಿಯಾಪದವನ್ನು ನಡುವಿನಲ್ಲೇ ಬಡಿಸಿ ಎದ್ದು ಹೋಗ್ತಾರೆ. ಇವರು ಉದ್ದ ವಾಕ್ಯ ಇದ್ದರೆ ನಮ್ಮ ಹಾಗೇ ಕೊನೆಗೆ ಇಡ್ತಾರೆ, ಮಜ್ಜಿಗೆ ಅನ್ನದ ಹಾಗೆ. ಅಲ್ಲಿವರೆಗೆ ಏಳ್ಲಿಕ್ಕಿಲ್ಲ, ಅಷ್ಟೇ."

ಮೇಡಂ ಕಲಿಸುವ ಕ್ರಮವೇ ಬೇರೆ. ಹಲಗೆ ಇಲ್ಲ, ಅನುವಾದ ಇಲ್ಲ. ಎಲ್ಲವನ್ನೂ ಅಭಿನಯಿಸಿಯೇ ಕಲಿಸಬೇಕು. ಒಂದು ದಿನ ಅವರು ರೈಲು ತಪ್ಪಿಸಿಕೊಂಡ ಪ್ರಯಾಣಿಕ; ಇನ್ನೊಂದು ದಿನ ಹಲ್ಲುನೋವಿನ ರೋಗಿ. ದವಡೆಗೆ ಟವಲು ಕಟ್ಟಿಕೊಂಡು ಎಷ್ಟು ಚೆನ್ನಾಗಿ ಅತ್ತರೆಂದರೆ ಅಡಿಗೆಯವಳು ಲವಂಗ ತಂದಳು. ಅವರು ಏನೇ ಕೇಳಿದರೂ, ಏನೇ ಆದರೂ, ನಾವು ಎದ್ದು ನಿಂತು ಪೂರ್ಣ ವಾಕ್ಯದಲ್ಲಿ ಉತ್ತರಿಸಬೇಕು. ಹೌದು, ಇಲ್ಲ ಎಂದರೆ ನಡೆಯದು.

ಇನ್ನು ತಿದ್ದುವುದು. ನಾನು ಅನೇಕ ಮೇಷ್ಟ್ರುಗಳನ್ನು ಕಂಡಿದ್ದೇನೆ. ಹೀಗೆ ತಿದ್ದುವವರನ್ನು ಕಾಣೆ. ಬಾಯಿ ತುಂಬ ಇಡ್ಲಿ ಇದ್ದರೂ ನಮ್ಮ ತಪ್ಪಿಗೆ ಬೆರಳು ಎತ್ತುತ್ತಿದ್ದರು. ಒಮ್ಮೆ ಭಟ್ಟರು ಹೊರಡುವಾಗ ತಪ್ಪಾಗಿ ವಿದಾಯ ಹೇಳಿ ಬೀದಿಗೆ ಇಳಿದಿದ್ದರು. ಮೇಡಂ ಮಹಡಿಯ ಕಟಕಟೆಯಿಂದ ಬಗ್ಗಿ, ಹಾದುಹೋಗುವ ಎತ್ತಿನ ಗಾಡಿಯ ಮೇಲಿಂದ ಕೂಗಿ ಸರಿಪಡಿಸಿದರು. ಭಟ್ಟರು ಬೀದಿಯ ನಡುವೆ ನಿಂತು ಸರಿಯಾದ ವಾಕ್ಯ ಒಪ್ಪಿಸಿದರು. ಎತ್ತುಗಳೂ ನಿಂತು ಕೇಳಿದವು.

ಆ ಶುಕ್ರವಾರದ ಪಾಠ 'ಅಪಘಾತ'. ಮೇಡಂ ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದು, "ಹಿಲ್ಫೆ! ಹಿಲ್ಫೆ!" ಎಂದು ಕೂಗಿದರು. ಅವರ ಭಾಷೆಯಲ್ಲಿ ಆಪತ್ತಿಗೆ ಸಿಕ್ಕವರು ಸಹಾಯಕ್ಕೆ ಕರೆಯುವ ಮಾತು ಅದು. ನಾನು ದಾರಿಹೋಕಳು, "ನಾನು ನಿಮಗೆ ಹೇಗೆ ಸಹಾಯ ಮಾಡಬಹುದು?" ಎನ್ನಬೇಕು. ಕೋದಂಡರಾಮನ್ "ನಾನು ಈಗಲೇ ಡಾಕ್ಟರನ್ನು ಕರೆಯುತ್ತೇನೆ" ಎನ್ನಬೇಕು. ಭಟ್ಟರು ಪೊಲೀಸಿನವರು, ಅವರ ಮಾತು, "ದಯವಿಟ್ಟು ನಿಮ್ಮ ಹೆಸರು ಮತ್ತು ವಿಳಾಸ ಹೇಳಿ."

ಮೇಡಂ ನೆಲದ ಮೇಲೆ ಮಲಗಿಕೊಂಡೇ "ಇನ್ನೂ ಜೋರಾಗಿ! ಬೀದಿಯಲ್ಲಿ ಗದ್ದಲ ಇರುತ್ತದೆ!" ಎಂದರು. ನಾವು ಜೋರಾಗಿ ಹೇಳಿದೆವು. ಅವರು ಎದ್ದು ಸ್ಕರ್ಟಿನ ಧೂಳು ಕೊಡವಿಕೊಂಡು, ಭಾನುವಾರ ಎಲ್ಲರೂ ಕಡಲಿಗೆ ಹೋಗೋಣ ಎಂದರು. ನಿಯಮ ಒಂದೇ: ಮಧ್ಯಾಹ್ನದ ತನಕ ಜರ್ಮನ್ ಬಿಟ್ಟು ಬೇರೆ ಮಾತಿಲ್ಲ.

ಮತ್ತೆ ಎಲಿಯಟ್ಸ್ ಬೀಚು

ಭಟ್ಟರ ಹೋಟೆಲಿಗೆ ತರಕಾರಿ ತರುವ ವ್ಯಾನಿನಲ್ಲಿ ಹೋದೆವು. ಅಡ್ಯಾರು ದಾಟಿದ ಮೇಲೆ ರಸ್ತೆಯಲ್ಲಿ ಜನವೇ ಇಲ್ಲ. ಮರಳಿನ ಮೇಲೆ ಒಂಟಿಯಾಗಿ ಒಂದು ಬಿಳಿ ಕಮಾನಿನ ಕಟ್ಟಡ. ಬಹಳ ಹಿಂದೆ ಇದೇ ನೀರಿನಲ್ಲಿ ಮುಳುಗಿದ ಪರದೇಶಿಯೊಬ್ಬರ ನೆನಪಿಗೆ ಕಟ್ಟಿದ್ದಂತೆ. ನಾವು ಅದರ ನೆರಳಿನಲ್ಲಿ ಚಾಪೆ ಹಾಸಿ ಭಟ್ಟರ ಇಡ್ಲಿಯ ಬುಟ್ಟಿ ಇಟ್ಟೆವು. ಆಗ ಅದು ನಮಗೆ ಬರೀ ನೆರಳು.

ದೂರದಲ್ಲಿ ಮೀನುಗಾರರ ಗುಡಿಸಲುಗಳು, ಒಣಗಲು ಹರಡಿದ ಬಲೆಗಳು. ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಮಾಡಿದ ಕಟ್ಟುಮರಗಳು ದಡದ ಮೇಲೆ ಮಲಗಿದ್ದವು. ಮೇಡಂ ಬಿಳಿ ರಬ್ಬರ್ ಟೋಪಿ ಹಾಕಿ, ಈಜುವ ಉಡುಪಿನಲ್ಲಿ ನೀರಿಗೆ ಇಳಿದರು. ಭಟ್ಟರು ಮರ್ಯಾದೆಗೆ ಆಕಾಶ ನೋಡಿದರು. ಭಾನುವಾರ ಭಾನುವಾರ ಅವರು ಇಲ್ಲಿ ಈಜುವುದು ಎಷ್ಟೋ ವರ್ಷದ ಅಭ್ಯಾಸ. ಈಜುತ್ತಲೇ ಪಾಠ ನಡೆಯಿತು. ಆಕಾಶದ ಬಣ್ಣ ಯಾವುದು? ಆ ಹಕ್ಕಿ ಏನು ಮಾಡುತ್ತಿದೆ? ಗಂಟೆ ಎಷ್ಟು?

ಆಮೇಲಿನದನ್ನು ನಾನು ಎಷ್ಟೋ ಸಲ ಮತ್ತೆ ನೋಡಿದ್ದೇನೆ. ಬಟ್ಟೆ ಒಗೆಯುವಾಗ, ಬಸ್ಸಿಗೆ ಕಾಯುವಾಗ, ಒಮ್ಮೆ ತಲೆ ಬಾಚುತ್ತಿದ್ದಾಗ ಕನ್ನಡಿಯಲ್ಲಿ.

ಬಿಳಿ ಟೋಪಿ ಒಂದು ಅಲೆಯ ಹಿಂದೆ ಮರೆಯಾಯಿತು, ಕಂಡಿತು. ಮೊದಲಿಗಿಂತ ದೂರದಲ್ಲಿ. ಕೈ ಎದ್ದಿತು. ನಾನು ಚೆನ್ನಾಗಿ ಈಜುತ್ತೀರಿ ಎಂದೆ. ಆಗ ಗಾಳಿಯಲ್ಲಿ ತೇಲಿ ಬಂತು:

"ಹಿಲ್ಫೆ! ಹಿಲ್ಫೆ!"

ನಮಗೆ ಸಂತೋಷವಾಯಿತು. ಇದೊಂದನ್ನು ಒಪ್ಪಿಕೊಳ್ಳಲೇಬೇಕು. ಪರಕೀಯ ಭಾಷೆಯ ಒಂದು ಮಾತು ತಟ್ಟನೆ, ಯೋಚಿಸದೆ, ಪೂರ್ತಿ ಅರ್ಥವಾದಾಗ ಆಗುವ ಸಂತೋಷ ಅದು. ಶುಕ್ರವಾರದ ಪಾಠ! ಮೂವರೂ ನೆಟ್ಟಗೆ ನಿಂತೆವು.

"ನಾನು ನಿಮಗೆ ಹೇಗೆ ಸಹಾಯ ಮಾಡಬಹುದು?" ಎಂದೆ ನಾನು.

"ನಾನು ಈಗಲೇ ಡಾಕ್ಟರನ್ನು ಕರೆಯುತ್ತೇನೆ" ಎಂದರು ಕೋದಂಡರಾಮನ್, ಅಲ್ಲಾಡದೆ.

ಭಟ್ಟರು ಇಲ್ಲದ ಮೀಸೆಯನ್ನು ತಿರುವಿ, "ದಯವಿಟ್ಟು ನಿಮ್ಮ ಹೆಸರು ಮತ್ತು ವಿಳಾಸ ಹೇಳಿ" ಎಂದು ಕಡಲನ್ನು ಕೇಳಿದರು.

ಮತ್ತೆ ಅದೇ ಕೂಗು, ಮುರಿದು. ಇನ್ನೂ ಜೋರಾಗಿ ಹೇಳಬೇಕೆಂದು ನಮಗೆ ಕಲಿಸಿದ್ದರಲ್ಲ! ಮೂವರೂ ಅಂಗೈಗಳನ್ನು ಬಾಯಿಯ ಸುತ್ತ ಹಿಡಿದು ಮತ್ತೊಮ್ಮೆ ಕೂಗಿದೆವು. ಭಟ್ಟರಿಗೆ ಈ ಸಲ ಉತ್ಸಾಹದಲ್ಲಿ ವಾಕ್ಯ ಕೈತಪ್ಪಿತು. ಕೇಳಿದರೆ ಕಲ್ಲೂ ಕಿವಿ ಮುಚ್ಚಿಕೊಳ್ಳುವಂಥ ಜರ್ಮನ್ ಹೊರಟಿತು. ಅವರೇ ನಾಲಿಗೆ ಕಚ್ಚಿಕೊಂಡು, ತಿದ್ದುಪಡಿಗಾಗಿ ತಲೆ ತಗ್ಗಿಸಿ ಕಾದರು.

ಅಲೆಯ ಸದ್ದು. ಇನ್ನೊಂದು ಅಲೆಯ ಸದ್ದು.

ಭಟ್ಟರು ತಲೆ ಎತ್ತಿದರು. ಅವರ ಮುಖದ ಬಣ್ಣ ಇಳಿದಿತ್ತು.

"ಮೇಡಂ ತಿದ್ದಲಿಲ್ಲ" ಎಂದರು, ಕನ್ನಡದಲ್ಲಿ.

ನನಗೆ ಅರ್ಥವಾಗಲಿಲ್ಲ. ನಿಯಮ ಮುರಿದರಲ್ಲ ಎಂದು ನಾನು ತುಟಿಯ ಮೇಲೆ ಬೆರಳಿಟ್ಟೆ.

"ತಿದ್ದಲಿಲ್ಲ ಮಾರಾಯ್ತಿ! ಅಷ್ಟು ತಪ್ಪು ಹೇಳಿದೆ, ತಿದ್ದಲಿಲ್ಲ! ಅವರು ಹೋಗ್ತಾ ಇದ್ದಾರೆ!"

ಆ ದಪ್ಪ ಮನುಷ್ಯ ಪಂಚೆ ಎತ್ತಿ ಕಟ್ಟಿ ಗುಡಿಸಲುಗಳ ಕಡೆ ಓಡಿದ ಹಾಗೆ ಯಾರೂ ಓಡಿದ್ದನ್ನು ನಾನು ಕಂಡಿಲ್ಲ. "ಓಡಿ ವಾಂಗಯ್ಯಾ! ಅಮ್ಮಾ ತಣ್ಣಿಲೆ ಪೋಯಿಟ್ಟಾಂಗ!" ಓಡಿ ಬನ್ನಿ, ಅಮ್ಮ ನೀರಿನಲ್ಲಿ ಹೋಗಿಬಿಟ್ಟರು ಎಂದು ತಮಿಳಿನಲ್ಲಿ ಅರಚುತ್ತಿದ್ದರು. ನಾನು ನೀರಿನ ಕಡೆ ಓಡಿದೆ. ಕಡಲ ತೀರದ ಊರಿನಲ್ಲಿ ಹುಟ್ಟಿದ್ದರೂ ನನಗೆ ಈಜು ಬಾರದು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಕಡಲು ನೋಡುವುದಕ್ಕೆ ಮಾತ್ರ. ಸೊಂಟದವರೆಗೆ ಇಳಿಯುವಷ್ಟರಲ್ಲಿ ಸೀರೆ ಕಬ್ಬಿಣವಾಯಿತು. ಅಲೆ ಹಿಂದಕ್ಕೆ ಹೋಗುವಾಗ ಪಾದದ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಗುತ್ತಿತ್ತು. ಚಾಪೆಯ ಮೇಲೆ ನಿಂತಿರುವಾಗ ಚಾಪೆ ಎಳೆದ ಹಾಗೆ. ಬಿದ್ದೆ. ಕಿವಿಯಲ್ಲಿ, ಮೂಗಿನಲ್ಲಿ ಉಪ್ಪು. ಯಾರೋ ನನ್ನ ಜಡೆ ಹಿಡಿದು ಎಳೆದರು. ಕೋದಂಡರಾಮನ್. ಕನ್ನಡಕ ಕಳೆದುಕೊಂಡಿದ್ದ ಅವರ ಕಣ್ಣಿಗೆ ನಾನೂ ಸರಿಯಾಗಿ ಕಂಡಿರಲಾರೆ.

ಉಗುಳಿ ಕಣ್ಣು ತೆರೆದಾಗ ಬಿಳಿ ಟೋಪಿ ನನ್ನ ಕಡೆಗೆ ತೇಲಿ ಬರುತ್ತಿತ್ತು. ಮೆಲ್ಲಗೆ, ಮುದ್ದಾಗಿ, ಅಲೆಯ ಮೇಲೆ ಏರಿ ಇಳಿದು. ಹತ್ತಿರ ಬಂತು. ಒಳಗೆ ತಲೆ ಇರಲಿಲ್ಲ.

ಆ ಟೋಪಿಯೇ ಆಮೇಲೆ ನನ್ನ ನಿದ್ದೆ ತಿಂದದ್ದು.

ಇಬ್ಬರು ಮೀನುಗಾರರು ಕಟ್ಟುಮರವನ್ನು ಅಲೆಯೊಳಗೆ ನುಗ್ಗಿಸಿ ಆಗಲೇ ಆಚೆ ದಾಟಿದ್ದರು. ಒಬ್ಬ ನೀರಿಗೆ ಹಾರಿದ. ಎಷ್ಟು ಹೊತ್ತೆಂದು ಗೊತ್ತಿಲ್ಲ. ಗಡಿಯಾರ ನೋಡಿ ಹೇಳು ಎಂದು ಆಗ ಕೇಳುವವರು ಯಾರೂ ಇರಲಿಲ್ಲ. ಕೊನೆಗೆ ದಿಮ್ಮಿಗಳ ಮೇಲೆ ಉದ್ದಕ್ಕೆ ಮಲಗಿಸಿದ ಒಂದು ಬಿಳಿಯ ದೇಹ ದಡಕ್ಕೆ ಬಂತು. ಮರಳಿನ ಮೇಲೆ ಬೋರಲು ಹಾಕಿ ಬೆನ್ನು ಒತ್ತಿದರು. ಒತ್ತಿದರು. ಇನ್ನೂ ಒತ್ತಿದರು. ಭಟ್ಟರು ಗಟ್ಟಿಯಾಗಿ ಕೃಷ್ಣ ಕೃಷ್ಣ ಎನ್ನುತ್ತಿದ್ದರು. ಮೇಡಂ ಬಾಯಿಂದ ನೀರು ಬಂತು, ಕೆಮ್ಮು ಬಂತು, ಆಮೇಲೆ ಎಳೆ ಮಗುವಿನಂಥ ಒಂದು ಸಣ್ಣ ಅಳು.

ನೀರಿಗೆ ಹಾರಿದ್ದ ಮೀನುಗಾರ ಉಸಿರು ಸುಧಾರಿಸಿಕೊಂಡು ನಮ್ಮ ಮೂವರನ್ನೂ ಒಮ್ಮೆ ನೋಡಿದ.

"ಎನ್ನಮ್ಮಾ ಇದು? ಅವಂಗ ಅಂಗೆ ಕತ್ತರಾಂಗ, ನೀಂಗ ಇಂಗೆ ವರಿಸೆಯಾ ನಿನ್ನು ಪಾಡಂ ಒಪ್ಪಿಕ್ಕಿರೀಂಗ!"

ಅವರು ಅಲ್ಲಿ ಕೂಗುತ್ತಿದ್ದಾರೆ, ನೀವು ಇಲ್ಲಿ ಸಾಲಾಗಿ ನಿಂತು ಪಾಠ ಒಪ್ಪಿಸುತ್ತಿದ್ದೀರಿ.

ಆಸ್ಪತ್ರೆ

ವ್ಯಾನಿನಲ್ಲಿ ಬಾಳೆಎಲೆಯ ಕಟ್ಟುಗಳ ಮೇಲೆ ಮಲಗಿಸಿಕೊಂಡು ಕೀಲ್ಪಾಕಿಗೆ ತಂದೆವು. ಆಸ್ಪತ್ರೆಯ ಬಾಗಿಲಲ್ಲಿ ಗುಮಾಸ್ತರೊಬ್ಬರು ಭಟ್ಟರನ್ನು ಕೇಳಿದರು, "ಅಮ್ಮಾವೋಡ ಪೇರು? ಅಡ್ರೆಸ್?" ಭಟ್ಟರು ಹೇಳಲು ಬಾಯಿ ತೆರೆದು, ಬೆಂಚಿನ ಮೇಲೆ ಕುಸಿದು, ಶಲ್ಯದಲ್ಲಿ ಮುಖ ಮುಚ್ಚಿಕೊಂಡರು. ಹೆಸರು, ವಿಳಾಸ ಕೋದಂಡರಾಮನ್ ಹೇಳಿದರು.

ಶ್ವಾಸಕೋಶಕ್ಕೆ ನೀರು ಹೋಗಿತ್ತು. ಜ್ವರ ಏರಿತು. ಈಗಲೇ ಏನೂ ಹೇಳಲಾಗದು ಎಂದರು ಡಾಕ್ಟರು. ನಾವು ಸರದಿಯಲ್ಲಿ ಹೋಗಿ ಕುಳಿತು ಬರುತ್ತಿದ್ದೆವು. ಭಟ್ಟರು ದಿನವೂ ಫ್ಲಾಸ್ಕಿನಲ್ಲಿ ಗಂಜಿ ತರುತ್ತಿದ್ದರು. ಅದನ್ನು ಯಾರೂ ಕುಡಿಯದಾಗ ವಾರ್ಡಿನ ಆಯಾಗೆ ಕೊಟ್ಟು, ಮರುದಿನ ಹೊಸದಾಗಿ ಮಾಡಿ ತರುತ್ತಿದ್ದರು.

ನನಗೆ ಕಣ್ಣು ಮುಚ್ಚಿದರೆ ಟೋಪಿ ತೇಲಿ ಬರುತ್ತಿತ್ತು. ಕಣ್ಣು ತೆರೆದು ಪುಸ್ತಕ ಹಿಡಿದರೆ, ಜರ್ಮನ್‌ನ ಮೊದಲ ವಾಕ್ಯಕ್ಕೇ ಆ ಕೂಗು, ಅದರ ಹಿಂದೆಯೇ ನನ್ನ ಆ ನಾಜೂಕಾದ ದನಿ. ನಾನು ನಿಮಗೆ ಹೇಗೆ ಸಹಾಯ ಮಾಡಬಹುದು? ಪರೀಕ್ಷೆ ಹತ್ತಿರ ಬರುತ್ತಿತ್ತು. ನನ್ನ ಬಾಯಿ ಆ ಭಾಷೆಗೆ ಬೀಗ ಹಾಕಿಕೊಂಡಿತ್ತು.

ಚಿಕ್ಕಮ್ಮ ಆಂಜನೇಯನ ಗುಡಿಯ ದಾರ ಕಟ್ಟಿದರು, ದೃಷ್ಟಿ ತೆಗೆದರು, ತಲೆಗೆ ಎಣ್ಣೆ ತಟ್ಟಿದರು. "ಕೊಂಜ ಕಣ್ಣು ಮುಚ್ಚು ಮಗಾ. ಸಾಕು ಆ ಭಾಷೆ. ನಮ್ಮಲ್ಲಿ ಮನುಷ್ಯರು ಕೂಗಿದರೆ ಮನುಷ್ಯರು ಓಡ್ತಾರೆ. ಅದಕ್ಕೆ ಪಾಠ ಬೇಕಾ?"

ನಾನು ಊರಿಗೆ ಹೋಗುತ್ತೇನೆ ಎಂದೆ. ಜರ್ಮನಿಯೂ ಬೇಡ, ತರಬೇತಿಯೂ ಬೇಡ. ಚಿಕ್ಕಪ್ಪ ಮಂಗಳೂರು ಗಾಡಿಗೆ ಭಾನುವಾರದ ಟಿಕೇಟು ತಂದು ದೇವರ ಪಟದ ಹಿಂದೆ ಸಿಕ್ಕಿಸಿದರು.

ಅಷ್ಟರಲ್ಲಿ ಜ್ವರ ಇಳಿಯಿತು. ಮೂವರೂ ಒಟ್ಟಿಗೆ ಹೋದಾಗ ಮೇಡಂ ದಿಂಬಿಗೆ ಒರಗಿ ಕುಳಿತು ಭಟ್ಟರ ಗಂಜಿ ಕುಡಿಯುತ್ತಿದ್ದರು. ಮುಖ ಸಣ್ಣದಾಗಿತ್ತು. ಇಂಗ್ಲಿಷಿನಲ್ಲಿ ಮಾತಾಡಿದರು, ಅದು ಅವರಿಗೂ ನಮಗೂ ರಜದ ದಿನದ ಭಾಷೆ.

"ಒಂದು ಕೇಳಬೇಕು. ನಾನು ಕೂಗಿದಾಗ ನೀವು ಮೂವರೂ ಏನೋ ಹೇಳುತ್ತಿದ್ದಿರಿ. ಅಲೆಯಲ್ಲಿ ನನಗೆ ಕೇಳಿಸಲಿಲ್ಲ. ಏನು ಹೇಳಿದಿರಿ?"

ಕೋದಂಡರಾಮನ್ ಕಿಟಕಿ ನೋಡಿದರು. ನಾನು ನೆಲ ನೋಡಿದೆ. ಭಟ್ಟರು ಎದ್ದು ನಿಂತು, ಕೈ ಕಟ್ಟಿ, ಒಂದನ್ನೂ ಬಿಡದೆ ಹೇಳಿದರು. ನನ್ನ ವಾಕ್ಯ, ಕೋದಂಡರಾಮನ್ ಅವರದು, ಕೊನೆಗೆ ತಮ್ಮದು.

ಮೇಡಂ ಚಮಚ ಕೆಳಗಿಟ್ಟರು. "ನನ್ನ ವಿಳಾಸ?" ಎಂದರು. "ಕಡಲಿನಲ್ಲಿ?"

ಆಮೇಲೆ ನಗತೊಡಗಿದರು. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. ನರ್ಸು ಓಡಿ ಬಂದು ನಮ್ಮನ್ನು ಗದರಿಸಿದಳು. ಮೂವರಲ್ಲಿ ಯಾರಿಗೂ ನಗು ಬರಲಿಲ್ಲ. ಭಟ್ಟರು, "ನೀವು ನಗಬೇಡಿ ಮೇಡಂ, ನನಗೆ ಹೊಟ್ಟೆ ಉರೀತದೆ" ಎಂದರು.

ನಾನು ಊರಿಗೆ ಹೋಗುವ ಸುದ್ದಿ ಹೇಳಿದೆ. ಅವರು ಏಕೆಂದು ಕೇಳಲಿಲ್ಲ.

"ಯಾವಾಗ?"

"ಭಾನುವಾರ."

"ಹಾಗಾದರೆ ಶುಕ್ರವಾರ ಇರುತ್ತೀರಿ. ನನ್ನನ್ನು ಗುರುವಾರ ಮನೆಗೆ ಬಿಡುತ್ತಾರೆ. ಶುಕ್ರವಾರ ಪಾಠ ಇದೆ."

ಮತ್ತೆ ಕೀಲ್ಪಾಕ್

ಬೇಡವೆಂದುಕೊಂಡೇ ಹೋದೆ. ಮಹಡಿಯ ಹಜಾರದಲ್ಲಿ ಮೇಜುಗಳನ್ನು ಗೋಡೆಗೆ ಸರಿಸಿದ್ದರು. ನಡುವೆ ಬೆತ್ತದ ಕುರ್ಚಿಯಲ್ಲಿ ಶಾಲು ಹೊದ್ದ ಮೇಡಂ. ಸುತ್ತ ನೆಲದ ಮೇಲೆ ನೀಲಿ ಹೊದಿಕೆ ಹರಡಿತ್ತು.

"ಇದು ಕಡಲು" ಎಂದರು. "ಅಪಘಾತದ ಪಾಠವನ್ನು ನಾನು ಅರ್ಧ ಮಾತ್ರ ಕಲಿಸಿದ್ದೆ. ಇವತ್ತು ಉಳಿದದ್ದು. ನಾನು ಕರೆಯುತ್ತೇನೆ. ವಾಕ್ಯ ಹೇಳಿದವರನ್ನು ಹೊರಗೆ ಹಾಕುತ್ತೇನೆ."

ಅವರು ಕರೆದರು. ಅದೇ ಮಾತು, ಅದೇ ದನಿ, ಆದರೆ ಬಡಕಲಾದ ಎದೆಯಿಂದ. ನಾನು ನಿಂತಲ್ಲೇ ನಿಂತೆ. ಕೋದಂಡರಾಮನ್ ಅವರ ತುಟಿ ಅಭ್ಯಾಸದಿಂದ ಅಲ್ಲಾಡಿ ನಿಂತಿತು. ಭಟ್ಟರು ಕಣ್ಣು ಒರೆಸಿಕೊಂಡರು.

"ನಾನು ಸತ್ತೆ" ಎಂದರು ಮೇಡಂ, ಕೈಗಡಿಯಾರ ನೋಡಿಕೊಂಡು. "ಮತ್ತೊಮ್ಮೆ."

ಎರಡನೆಯ ಸಲ ಭಟ್ಟರು ಓಡಿದರು. ಹೊದಿಕೆಗೆ ಕಾಲು ಸಿಕ್ಕಿ ಕಡಲಿನ ನಡುವೆಯೇ ಬಿದ್ದರು. ಕೋದಂಡರಾಮನ್ ಅವರನ್ನು ಎಬ್ಬಿಸಲು ಹೋದರು. ಮೇಡಂ ನನ್ನೊಬ್ಬಳನ್ನೇ ನೋಡುತ್ತಿದ್ದರು. ಕುರ್ಚಿಯ ಕೈ ಬಿಟ್ಟು, ತೋಳು ಮೇಲೆತ್ತಿ, ಮೂರನೆಯ ಸಲ ಕೂಗಿದರು, "ಹಿಲ್ಫೆ!"

ಆಮೇಲೆ ಏನಾಯಿತೆಂದು ನಾನು ಇತರರಿಂದ ಕೇಳಿ ತಿಳಿಯಬೇಕಾಯಿತು. ನಾನು ಕಿರುಚಿದೆನಂತೆ. "ಅಯ್ಯೋ ಬನ್ನಿ! ಯಾರಾದರೂ ಬನ್ನಿ! ಮುಳುಗ್ತಾ ಇದ್ದಾರೆ, ಬನ್ನಿ!" ಕನ್ನಡದಲ್ಲಿ, ತುಳುವಿನಲ್ಲಿ, ನಡುನಡುವೆ ಬಾರದ ತಮಿಳಿನಲ್ಲಿ. ಕಿರುಚುತ್ತಲೇ ಹೋಗಿ ಮೇಡಂ ಅವರ ಎರಡೂ ಕಂಕುಳಿಗೆ ಕೈ ಹಾಕಿ, ಕುರ್ಚಿಯಿಂದ ಎತ್ತಿ, ನೀಲಿ ಹೊದಿಕೆಯಾಚೆಗೆ ಎಳೆದು ತಂದು ಬಾಗಿಲ ಹತ್ತಿರ ಕೂರಿಸಿದೆ. ಆಗಲೂ ಬಿಡಲಿಲ್ಲ, ಇಬ್ಬರೂ ನೆಲದ ಮೇಲೆ ಕುಳಿತಿದ್ದರೂ ಅವರ ತೋಳನ್ನು ಗಟ್ಟಿಯಾಗಿ ಹಿಡಿದಿದ್ದೆ.

ಮೆಟ್ಟಿಲಲ್ಲಿ ಧಡಧಡ ಸದ್ದು. ಅಡಿಗೆಯವಳು ಸೌಟಿನೊಡನೆ ಬಂದಳು. ಅವಳ ಹಿಂದೆ ಬೀದಿಯ ಸೈಕಲ್ ರಿಕ್ಷಾದವನು, ಎದುರು ಮನೆಯ ಅಯ್ಯರು ಅರ್ಧ ಕ್ಷೌರವಾದ ಗಡ್ಡದೊಡನೆ, ಕ್ಷೌರದವನು ಕತ್ತಿಯೊಡನೆ. "ಎಲ್ಲಿ? ಎಲ್ಲಿ? ಯಾರು?" ಎಂದು ನಾಲ್ಕು ದನಿ, ನಾಲ್ಕು ರೀತಿ.

ಮೇಡಂ ಏದುಸಿರು ಬಿಡುತ್ತ, ನೆಲದಲ್ಲಿ ಕುಳಿತೇ, ಆ ಗುಂಪನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು. ತೋಳಿನ ಮೇಲೆ ನನ್ನ ಬೆರಳ ಗುರುತು ಕೆಂಪಾಗಿ ಎದ್ದಿತ್ತು. ಅದನ್ನು ತಿಕ್ಕಿಕೊಂಡರು.

"ಸರಿ" ಎಂದರು. "ಇದರಲ್ಲಿ ತಿದ್ದುವುದು ಏನೂ ಇಲ್ಲ."

ಅಡಿಗೆಯವಳು ಎಲ್ಲರಿಗೂ ಕಾಫಿ ಮಾಡಿದಳು. ಅಯ್ಯರು ಅರ್ಧ ಗಡ್ಡದಲ್ಲೇ ಕುಡಿದರು. ಭಟ್ಟರು ಒಂದು ಗುಟುಕು ಕುಡಿದು, ಚಿಕೋರಿ ಜಾಸ್ತಿ ಎಂದು ಮುಖ ಹಿಂಡಿದರು. ಆಗ ನನಗೆ ನಗು ಬಂತು. ಕಡಲಿನಿಂದ ಬಂದ ಮೇಲೆ ಮೊದಲ ಸಲ. ನಕ್ಕು ನಕ್ಕು ಕಾಫಿ ಸೀರೆಯ ಮೇಲೆ ಚೆಲ್ಲಿತು. ಮೇಡಂ ಜರ್ಮನ್‌ನಲ್ಲಿ, ಏಕೆ ನಗುತ್ತಿದ್ದೀರಿ ಎಂದು ಕೇಳಿದರು. ನಾನು ಉತ್ತರಿಸಿದೆ. ವಾಕ್ಯ ಅರ್ಧಕ್ಕೇ ನಿಂತಿತು. ಅವರು ಅದನ್ನು ಹಾಗೇ ಬಿಟ್ಟರು.

ಮನೆಗೆ ಬಂದು ಚಿಕ್ಕಮ್ಮ ಬಡಿಸಿದ್ದನ್ನು ಉಂಡದ್ದು ನೆನಪಿದೆ. ಚಾಪೆ ಬಿಡಿಸಿದ್ದು ನೆನಪಿದೆ. ದಿಂಬು ಎಳೆದುಕೊಂಡದ್ದು ನೆನಪಿಲ್ಲ.

ಕಣ್ಣು ತೆರೆದಾಗ ಶನಿವಾರ. ಬಿಸಿಲು ಬಾವಿಕಟ್ಟೆಯವರೆಗೆ ಬಂದಿತ್ತು. ಮಕ್ಕಳ ಸದ್ದಿಲ್ಲ, ಯಾರೋ ಬೆದರಿಸಿ ಬೀದಿಗೆ ಅಟ್ಟಿದ್ದಿರಬೇಕು. ಚಿಕ್ಕಮ್ಮ ನನ್ನ ಪಕ್ಕದಲ್ಲಿ ಕುಳಿತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು.

"ಎರಡು ಸಲ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದೆ ಮಗಾ, ಉಸಿರು ಉಂಟಾ ಅಂತ" ಎಂದರು.

ನಾನು ಎದ್ದು ಕುಳಿತು ಜಡೆ ಕಟ್ಟಿಕೊಂಡೆ. ಆಮೇಲೆ, "ಚಿಕ್ಕಪ್ಪನಿಗೆ ಹೇಳಿ, ನಾಳೆಯ ಟಿಕೇಟು ಬೇಡ ಅಂತ" ಎಂದೆ.

"ಅವರು ಆಗಲೇ ವಾಪಸು ಮಾಡ್ಲಿಕ್ಕೆ ಹೋಗಿಯಾಯಿತು."

"ನಾನು ಹೇಳುವ ಮೊದಲೇ?"

"ನೀನು ಹೇಳ್ಬೇಕಾ?" ಎಂದು ಚಿಕ್ಕಮ್ಮ ಹುರುಳಿಕಾಯಿ ಮುರಿದರು. "ನಿನ್ನ ಗೊರಕೆ ಸೆಂಟ್ರಲ್ ಸ್ಟೇಷನ್‌ವರೆಗೆ ಕೇಳ್ತಿತ್ತು."